ಅಗ್ಗದ ರೀಲಿಗೆ ಬೆಳಕು ಧಾರಾಳವಾಗಿ ಕೊಡಿ

ರೀಲು ಹಾಕುವ ಕ್ಯಾಮೆರಾ ಹಿಡಿದ ಹುಡುಗ ಹುಡುಗಿಯರು ಶಿವಮೊಗ್ಗದಲ್ಲಿ ಮತ್ತೆ ಕಾಣಿಸತೊಡಗಿದ್ದಾರೆ. ಅಪ್ಪನ ಬೀರುವಿನಲ್ಲಿ ಮಲಗಿದ್ದ ಯಾಶಿಕಾ, ಅತ್ತೆಮನೆಯ ಅಟ್ಟದಿಂದ ಇಳಿದ ಕೊಡಾಕ್ ಕೆಬಿ-10, ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡ ನಿಕಾನ್, ಇಂಥವು ಅವರ ಹೆಗಲಿಗೆ ತೂಗುತ್ತಿರುತ್ತವೆ. ಯಾವ ರೀಲು ಹಾಕಲಿ ಅನ್ನುವುದು ಅವರು ಕೇಳುವ ಮೊದಲ ಪ್ರಶ್ನೆ. ಅಂಗಡಿಯಲ್ಲಿ ಸಿಗುವ ಅತಿ ಅಗ್ಗದ ಕಲರ್ ನೆಗೆಟಿವ್ ಹಾಕಿ ಅನ್ನುತ್ತೇನೆ. ದುಡ್ಡು ಉಳಿಯುತ್ತದೆ ಎಂಬುದು ಅದಕ್ಕೆ ಚಿಕ್ಕ ಕಾರಣ. ಆ ರೀಲನ್ನು ತಯಾರಿಸಿದ್ದೇ ಇಂಥ ಕ್ಯಾಮೆರಾಗಳಿಗೆ, ಫೋಟೊಗ್ರಫಿ ಕಲಿಯದವರ ಕೈಗೆ, ಗಳಿಗೆಗೊಮ್ಮೆ ಬದಲಾಗುವ ನಮ್ಮ ಮಲೆನಾಡಿನಂಥ ಬೆಳಕಿಗೆ. ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ಅಗ್ಗದ ರೀಲು ಅಂದರೆ ಇವತ್ತಿನ ಲೆಕ್ಕದಲ್ಲಿ ಕೊಡಾಕ್ ಗೋಲ್ಡ್ 200, ಕಲರ್‌ಪ್ಲಸ್ 200, ಅಲ್ಟ್ರಾಮ್ಯಾಕ್ಸ್ 400, ಫ್ಯೂಜಿಕಲರ್ 200. ಇವಕ್ಕೆ ಎದುರಾಗಿ ಕೊಡಾಕ್ ಕಂಪನಿಯದೇ ಪೋರ್ಟ್ರಾ, ಎಕ್ಟಾರ್ ಎಂಬ ದುಬಾರಿ ರೀಲುಗಳಿವೆ. ವೃತ್ತಿನಿರತರಿಗೆಂದು ಮಾಡಿದ ರೀಲು ಕಾರ್ಖಾನೆಯಿಂದ ಹೊರಬೀಳುವಾಗಲೇ ಹದಕ್ಕೆ ಬಂದಿರುತ್ತಿತ್ತು. ಫ್ರಿಜ್ಜಿನಲ್ಲಿಟ್ಟು, ಬೇಗ ಬಳಸಿ, ಬೇಗ ತೊಳೆಸುತ್ತಾರೆ ಎಂಬ ನಂಬಿಕೆ ಅದರ ಹಿಂದಿತ್ತು. ಮನೆಬಳಕೆಯ ರೀಲಿನ ಲೆಕ್ಕವೇ ಬೇರೆ. ಅದು ಅಂಗಡಿಯ ಗಾಜಿನ ಬೀರುವಿನಲ್ಲಿ ತಿಂಗಳುಗಟ್ಟಲೆ ಬಿಸಿಲಿನ ಕಾವಿಗೆ ಕೂತಿರುತ್ತದೆ. ಆಮೇಲೆ ಕ್ಯಾಮೆರಾದೊಳಗೂ ತಿಂಗಳುಗಟ್ಟಲೆ ಇರುತ್ತದೆ. ಗಣಪತಿ ಹಬ್ಬದಲ್ಲಿ ಹಾಕಿದ ರೀಲು ದೀಪಾವಳಿ, ಜೋಗದ ಪ್ರವಾಸ, ಸ್ಕೂಲ್ ಡೇ ಎಲ್ಲ ದಾಟಿ ಕೋಟೆ ಮಾರಿಕಾಂಬೆಯ ಜಾತ್ರೆಯ ಹೊತ್ತಿಗೆ ಮುಗಿಯುತ್ತಿತ್ತು. ‘ರೀಲು ಮುಗೀಲಿ, ಆಮೇಲೆ ತೊಳೆಸೋಣ’ ಅನ್ನುವ ಮಾತು ಕೇಳದ ಮನೆಯಿಲ್ಲ. ಆರು ತಿಂಗಳ ಹಿಂದೆ ಬಿದ್ದ ಬೆಳಕಿನ ಗುರುತನ್ನು ಕೆಡದಂತೆ ಹಿಡಿದಿಟ್ಟುಕೊಳ್ಳುವ ಗುಣವನ್ನು ರಸಾಯನಶಾಸ್ತ್ರಜ್ಞರು ಈ ರೀಲಿನಲ್ಲಿ ಬೇಕೆಂದೇ ಸಾಧಿಸಿದರು. ಅಗ್ಗದ್ದು ಅನ್ನುವ ಕಾರಣಕ್ಕೆ ಇದನ್ನು ಕೀಳು ಮಾಲು ಎಂದುಕೊಂಡವರಿಗೆ ಇದರ ಹಿಂದಿನ ವಿಜ್ಞಾನದ ಅರಿವಿಲ್ಲ.

ಆ ವಿಜ್ಞಾನ ಹೀಗಿದೆ. ಕಲರ್ ನೆಗೆಟಿವ್ ಅನ್ನುವುದು ಪಾರದರ್ಶಕ ಅಸಿಟೇಟ್ ಪಟ್ಟಿಯ ಮೇಲೆ ಒಂದರ ಮೇಲೊಂದು ಹಚ್ಚಿದ ಜೆಲಾಟಿನ್ ಪದರಗಳ ಗಂಟು. ಮೇಲಿನದು ನೀಲಿ ಬೆಳಕಿಗೆ, ನಡುವಿನದು ಹಸಿರಿಗೆ, ಕೆಳಗಿನದು ಕೆಂಪಿಗೆ ಸ್ಪಂದಿಸುತ್ತದೆ. ಪ್ರತಿ ಪದರದಲ್ಲೂ ಬೆಳ್ಳಿಯ ಲವಣದ ಹರಳುಗಳಿರುತ್ತವೆ, ಜೊತೆಗೆ ಕಪ್ಲರ್ ಎಂಬ ರಾಸಾಯನಿಕ ಇರುತ್ತದೆ. ಬೆಳಕು ಬಿದ್ದ ಹರಳನ್ನು ಡೆವಲಪರ್ ಬೆಳ್ಳಿಯಾಗಿಸುತ್ತದೆ. ಆ ಕೆಲಸದಲ್ಲಿ ಸವೆದ ಡೆವಲಪರ್ ಪಕ್ಕದ ಕಪ್ಲರ್ ಜೊತೆ ಕೂಡಿ ಬಣ್ಣ ಹುಟ್ಟಿಸುತ್ತದೆ: ಮೇಲಿನ ಪದರದಲ್ಲಿ ಹಳದಿ, ನಡುವೆ ಮಜೆಂಟಾ, ಕೆಳಗೆ ಸಯಾನ್. ಆಮೇಲೆ ಬ್ಲೀಚ್ ಮತ್ತು ಫಿಕ್ಸರ್ ಬಂದು ಬೆಳ್ಳಿಯನ್ನೆಲ್ಲ ಕರಗಿಸಿ ಒಯ್ಯುತ್ತವೆ. ಉಳಿಯುವುದು ಬಣ್ಣದ ಸಣ್ಣ ಸಣ್ಣ ಮೋಡಗಳು ಮಾತ್ರ. ನಿಮ್ಮ ಮದುವೆಯ ನೆಗೆಟಿವ್‌ನಲ್ಲಿ ಈಗ ಒಂದು ಕಣ ಬೆಳ್ಳಿಯೂ ಇಲ್ಲ.

ಈ ತೊಳೆಯುವ ವಿಧಾನಕ್ಕೆ ಸಿ-41 ಎಂದು ಹೆಸರು. ಕೊಡಾಕ್ ಇದನ್ನು 1972ರಲ್ಲಿ ತಂದಿತು, ಆಮೇಲೆ ಇಡೀ ಜಗತ್ತು ಅದನ್ನೇ ಅನುಸರಿಸಿತು. ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್ ಇರಬೇಕು, ರೀಲು ಅದರಲ್ಲಿ 3 ನಿಮಿಷ 15 ಸೆಕೆಂಡ್ ಮುಳುಗಿರಬೇಕು. ಕೊಡಾಕ್ ಆಗಲಿ, ಫ್ಯೂಜಿ, ಕೋನಿಕಾ, ಆಗ್ಫಾ ಆಗಲಿ, 100 ಆಗಲಿ 400 ಆಗಲಿ, ಶಾಖವೂ ಹೊತ್ತೂ ಅದೇ. ಈ ಒಂದು ನಿಯಮದಿಂದಲೇ ಯಾವ ಕಂಪನಿಯ ರೀಲನ್ನಾದರೂ ಒಂದೇ ಯಂತ್ರದಲ್ಲಿ ತೊಳೆಯಲು ಸಾಧ್ಯವಾಯಿತು, ಜಿಲ್ಲಾ ಕೇಂದ್ರದಂಥ ಊರಿಗೂ ಕಲರ್ ಲ್ಯಾಬ್ ಬಂತು. ಅಲ್ಲಿಯವರೆಗೆ ಸ್ಟುಡಿಯೊದವರು ಕಪ್ಪು ಬಿಳುಪನ್ನು ತಮ್ಮ ಕತ್ತಲ ಕೋಣೆಯಲ್ಲೇ ತೊಳೆದು, ಬಣ್ಣದ್ದನ್ನು ದೊಡ್ಡ ಊರಿನ ಲ್ಯಾಬಿಗೆ ಕಳಿಸಿ ಕಾಯುತ್ತಿದ್ದರು.

ನೆಗೆಟಿವ್ ಎತ್ತಿ ಹಿಡಿದಾಗ ಕಾಣುವ ಆ ಕಂದು ಕಿತ್ತಳೆ ಬಣ್ಣದ ಬಗ್ಗೆ ತುಂಬ ಜನ ಕೇಳುತ್ತಾರೆ. ಅದು ಕೊಳೆಯೂ ಅಲ್ಲ, ಹಳತಾದ ಲಕ್ಷಣವೂ ಅಲ್ಲ. ಮಜೆಂಟಾ ಬಣ್ಣ ಹಸಿರು ಬೆಳಕನ್ನು ಮಾತ್ರ ತಡೆಯಬೇಕಿತ್ತು, ಆದರೆ ಸ್ವಲ್ಪ ನೀಲಿಯನ್ನೂ ನುಂಗುತ್ತದೆ. ಸಯಾನ್ ಬಣ್ಣಕ್ಕೂ ಇಂಥದೇ ದೋಷವಿದೆ. ಪರಿಶುದ್ಧವಾದ ಬಣ್ಣ ಯಾರಿಗೂ ಸಿಗಲಿಲ್ಲ. ಕೊಡಾಕ್‌ನ ವೆಸ್ಲಿ ಹ್ಯಾನ್ಸನ್ 1940ರ ದಶಕದಲ್ಲಿ ಇದಕ್ಕೊಂದು ಉಪಾಯ ಹುಡುಕಿದರು. ಕಪ್ಲರ್‌ಗೇ ಮೊದಲೇ ಒಂದು ಬಣ್ಣ ಕೊಡುವುದು, ಚಿತ್ರ ಮೂಡಿದಲ್ಲಿ ಆ ಬಣ್ಣ ಅಳಿದು ಚಿತ್ರ ಮೂಡದ ಕಡೆ ಉಳಿಯುವಂತೆ ಮಾಡುವುದು. ಆಗ ದೋಷ ಇಡೀ ಚಿತ್ರಕ್ಕೆ ಸಮನಾಗಿ ಹರಡುತ್ತದೆ, ಪ್ರಿಂಟ್ ಹಾಕುವಾಗ ಒಂದೇ ಏಟಿಗೆ ಕಳೆಯಬಹುದು. ಈ ಕಿತ್ತಳೆಯಿಂದಾಗಿಯೇ ನೆಗೆಟಿವ್‌ನಿಂದ ಬಂದ ಸೀರೆಯ ಬಣ್ಣ ಸೀರೆಯ ಬಣ್ಣದಂತೆಯೇ ಕಾಣುವುದು.

ಈಗ ಧಾರಾಳದ ಮಾತಿಗೆ ಬರೋಣ. ಮೂರು ಪದರ ಎಂದೆನಲ್ಲ, ಅವುಗಳಲ್ಲಿ ಒಂದೊಂದರ ಒಳಗೂ ಮತ್ತೆ ಉಪಪದರಗಳಿವೆ. ಒಂದರಲ್ಲಿ ದಪ್ಪ ಹರಳು, ಇನ್ನೊಂದರಲ್ಲಿ ಸಣ್ಣ ಹರಳು. ಮಳೆಗಾಲದಲ್ಲಿ ಸೂರಿನಡಿ ಇಟ್ಟ ಪಾತ್ರೆಗಳನ್ನು ನೆನೆದುಕೊಳ್ಳಿ: ಅಗಲ ಬಾಯಿಯ ಹಂಡೆಗೆ ನಾಲ್ಕು ಹನಿ ಉದುರಿದರೂ ಸಿಗುತ್ತದೆ, ಕಿರುಬಾಯಿಯ ಕೊಡ ತುಂಬಲು ಜಡಿಮಳೆಯೇ ಬೇಕು. ದಪ್ಪ ಹರಳು ಕಡಿಮೆ ಬೆಳಕಿಗೇ ಎಚ್ಚರಗೊಂಡು ನೆರಳಿನ ವಿವರ ಹಿಡಿಯುತ್ತದೆ. ಅದು ತುಂಬಿದ ಮೇಲೂ ಸಣ್ಣ ಹರಳಿನಲ್ಲಿ ಜಾಗ ಉಳಿದಿರುತ್ತದೆ. ಹೀಗಾಗಿ ಬೆಳಕು ಬೇಕಾದ್ದಕ್ಕಿಂತ ಎರಡು ಸ್ಟಾಪ್ ಹೆಚ್ಚಾದರೂ, ಅಂದರೆ ನಾಲ್ಕು ಪಟ್ಟು ಬಿದ್ದರೂ, ಚಿತ್ರ ಕೆಡುವುದಿಲ್ಲ. ಮೂರು ಸ್ಟಾಪ್ ಹೆಚ್ಚಾದರೂ ಬಹುಪಾಲು ಉಳಿದುಕೊಳ್ಳುತ್ತದೆ. ಕಡಿಮೆಯಾದರೆ ಮಾತ್ರ ಕಷ್ಟ. ಒಂದು ಸ್ಟಾಪ್ ಕಡಿಮೆಯಾದಾಗಲೇ ನೆರಳು ಮಂಕಾಗುತ್ತದೆ. ಎರಡು ಕಡಿಮೆಯಾದರೆ ಕೆಸರಿನ ಬಣ್ಣ ಬಂದು ಕಾಳುಕಾಳು ಎದ್ದು ಕಾಣುತ್ತದೆ. ಎಲ್ಲಿ ಬೆಳಕೇ ಬೀಳಲಿಲ್ಲವೋ ಅಲ್ಲಿ ಯಾವ ಸ್ಕ್ಯಾನರ್ ಕೂಡ ಏನನ್ನೂ ಹುಡುಕಲಾರದು.

ಈ ಔದಾರ್ಯ ಏಕೆ ಬೇಕಿತ್ತು ಎಂದು ತಿಳಿಯಲು ನಮ್ಮ ಮನೆಗಳಲ್ಲಿದ್ದ ಕ್ಯಾಮೆರಾಗಳನ್ನು ನೋಡಿದರೆ ಸಾಕು. ಕಪ್ಪು ಬಿಳುಪಿನ ಕಾಲದಲ್ಲಿ ಬರೋಡದಲ್ಲಿ ತಯಾರಾಗುತ್ತಿದ್ದ ಆಗ್ಫಾ ಕ್ಲಿಕ್-3 ಇತ್ತು. ಅದಕ್ಕೆ ಹಾಕಲು ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ಕಾರ್ಖಾನೆಯ ‘ಇಂದು’ ಹೆಸರಿನ ರೀಲು ಸಿಗುತ್ತಿತ್ತು. 1960ರಲ್ಲಿ ಸ್ಥಾಪನೆಯಾಗಿ 1967ರಲ್ಲಿ ಉತ್ಪಾದನೆ ಶುರುಮಾಡಿದ ಸರ್ಕಾರಿ ಕಾರ್ಖಾನೆ ಅದು. ಬಣ್ಣದ ರೀಲು ಬಹುಪಾಲು ಹೊರದೇಶದ ಹೆಸರುಗಳದ್ದೇ ಆಗಿತ್ತು. ಎಂಬತ್ತರ ದಶಕದಲ್ಲಿ ಹಾಟ್ ಶಾಟ್ ಎಂಬ ಕ್ಯಾಮೆರಾ ಬಂತು. ಆಮೇಲೆ ಯಾಶಿಕಾ ಎಂಎಫ್-2, ಕೊಡಾಕ್ ಕೆಬಿ-10 ಬಂದವು. ಫೋಕಸ್ ತಿರುಗಿಸುವ ಗೋಜಿಲ್ಲ, ಹಲ್ಲುಚಕ್ರ ಒತ್ತಿ ಮುಂದಕ್ಕೆ ತಳ್ಳುವುದು, ಗುಂಡಿ ಅದುಮುವುದು, ಅಷ್ಟೇ. ಇಂಥ ಕ್ಯಾಮೆರಾಗಳಲ್ಲಿ ಬಹುಪಾಲಿಗೆ ಷಟರ್ ವೇಗ ಒಂದೇ. ತುಂಗಾ ತೀರದ ಉರಿಬಿಸಿಲಿಗೂ ಅದೇ, ಅಡಿಕೆ ತೋಟದ ನೆರಳಿಗೂ ಅದೇ. ಎರಡರ ನಡುವೆ ಬೆಳಕಿನಲ್ಲಿ ಹತ್ತಾರು ಪಟ್ಟು ವ್ಯತ್ಯಾಸವಿದ್ದರೂ ಎರಡೂ ಫೋಟೊ ಚೆನ್ನಾಗಿ ಬರಬೇಕು ಎಂದು ಗಿರಾಕಿ ಬಯಸುತ್ತಾನೆ. ಕ್ಯಾಮೆರಾ ಮಾಡಲಾಗದ ಹೊಂದಾಣಿಕೆಯನ್ನು ರೀಲು ಮಾಡಿತು. ಮನೆಬಳಕೆಯ ರೀಲನ್ನು ನಾನು ಇಪ್ಪತ್ತನೆಯ ಶತಮಾನದ ದೊಡ್ಡ ಸಾಧನೆಗಳ ಸಾಲಿನಲ್ಲಿ ಇಡುವುದು ಇದಕ್ಕಾಗಿ.

ಮೊಬೈಲಿನಲ್ಲಿ ಫೋಟೊ ತೆಗೆದು ರೂಢಿಯಾದವರು ಇಲ್ಲಿ ಒಂದು ಅಭ್ಯಾಸ ಬಿಡಬೇಕು. ಡಿಜಿಟಲ್‌ನಲ್ಲಿ ಬೆಳಕು ಹೆಚ್ಚಾದರೆ ಆಕಾಶ ಬೆಳ್ಳಗೆ ಸುಟ್ಟುಹೋಗುತ್ತದೆ. ಹಾಗಾಗಿ ಬೆಳಗಿದ ಭಾಗವನ್ನು ಕಾಯುವುದು ಅಲ್ಲಿನ ಬುದ್ಧಿ. ಕಲರ್ ನೆಗೆಟಿವ್‌ಗೆ ಇದು ತಿರುಗುಮುರುಗು. ಇಲ್ಲಿ ನೆರಳನ್ನು ನೋಡಿ ಬೆಳಕು ಕೊಡಬೇಕು. ಆಕಾಶ ತನ್ನನ್ನು ತಾನು ನೋಡಿಕೊಳ್ಳುತ್ತದೆ. ಡಬ್ಬಿಯ ಮೇಲೆ 200 ಎಂದಿದ್ದರೆ ಕ್ಯಾಮೆರಾದ ಎಎಸ್ಎ (ರೀಲಿನ ವೇಗದ) ತಿರುಗಣೆಯನ್ನು 100ಕ್ಕೆ ಇಡಿ. ಹಾಗೆಂದು ಲ್ಯಾಬಿನವರಿಗೆ ಹೇಳಬೇಕಾಗಿಲ್ಲ, ತೊಳೆಯುವುದು ಮಾಮೂಲಿನಂತೆಯೇ. ಒಂದು ಸ್ಟಾಪ್ ಹೆಚ್ಚು ಬೆಳಕು ಬಿದ್ದ ನೆಗೆಟಿವ್‌ನಲ್ಲಿ ಬಣ್ಣದ ಮೋಡಗಳು ಒಂದರ ಮೇಲೊಂದು ಬಿದ್ದು ಕಾಳು ಮುಚ್ಚಿಹೋಗುತ್ತದೆ, ಚಿತ್ರ ನುಣುಪಾಗುತ್ತದೆ.

ನಮ್ಮ ಊರಿನ ಬೆಳಕಿಗೆ ಇದನ್ನು ಅನ್ವಯಿಸಿ ನೋಡೋಣ. ಜನವರಿಯ ಬೆಳಗಿನಲ್ಲಿ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯ ಮೇಲೆ ಬಿಸಿಲು ಬಿದ್ದಿರುತ್ತದೆ. 200ರ ರೀಲಿಗೆ ಪುಸ್ತಕದ ಲೆಕ್ಕ ಎಫ್-16, ಸೆಕೆಂಡಿನ 200ನೇ ಒಂದು ಭಾಗ. ನಾನಾದರೆ ಎಫ್-11, 250 ಇಡುತ್ತೇನೆ. ಹೊಳೆಯ ಹೊಳಪಿಗೆ ಬೆಳಕು ಅಳೆಯುವ ಮೀಟರ್ ಬೆದರುತ್ತದೆ, ಬೆಳಕು ಬಹಳವಿದೆ ಎಂದುಕೊಂಡು ಕಡಿಮೆ ಕೊಡಿ ಅನ್ನುತ್ತದೆ. ಅದನ್ನು ನಂಬಿದರೆ ಮಂಟಪದ ಕಂಬಗಳೂ ಬಟ್ಟೆ ಒಗೆಯುವವರ ಮುಖಗಳೂ ಕಪ್ಪಾಗುತ್ತವೆ. ಮೀಟರನ್ನು ನೀರಿನಿಂದ ಪಕ್ಕಕ್ಕೆ ತಿರುಗಿಸಿ ದಡದ ಹುಲ್ಲಿಗೆ ಹಿಡಿಯಿರಿ. ಸಕ್ರೆಬೈಲಿನಲ್ಲಿ ಆನೆ ಮೀಯುವಾಗ ಇದಕ್ಕೆ ಉಲ್ಟಾ ಆಗುತ್ತದೆ. ಚೌಕಟ್ಟಿನ ತುಂಬ ಕಪ್ಪು ಮೈ ಇರುವುದರಿಂದ ಮೀಟರ್ ಹೆಚ್ಚು ಬೆಳಕು ಕೇಳುತ್ತದೆ. ಕೊಟ್ಟುಬಿಡಿ. ಈ ರೀಲಿನಲ್ಲಿ ಆ ತಪ್ಪಿಗೆ ದಂಡವಿಲ್ಲ. ಮಾವುತನ ಮುಖ, ಆನೆಯ ಚರ್ಮದ ಸುಕ್ಕು ಎರಡೂ ಸಿಗುತ್ತವೆ.

ಮಳೆಗಾಲಕ್ಕೆ 200 ಸಾಲದು, 400 ಬೇಕು. ಆಷಾಢದ ಮೋಡ ಕವಿದ ಮಧ್ಯಾಹ್ನ ಗಾಂಧಿ ಬಜಾರಿನ ಹೂವಿನ ಅಂಗಡಿಗಳ ಓಣಿಯಲ್ಲಿ ಎಫ್-4, ಸೆಕೆಂಡಿನ 60ನೇ ಭಾಗದವರೆಗೂ ಇಳಿಯಬೇಕಾಗುತ್ತದೆ. ಶಿವಪ್ಪನಾಯಕನ ಅರಮನೆಯ ಮರದ ಕಂಬಗಳ ನಡುವೆ, ಭದ್ರಾವತಿಯ ಲಕ್ಷ್ಮೀನರಸಿಂಹ ದೇವಸ್ಥಾನದ ನವರಂಗದಲ್ಲಿ ಅಷ್ಟು ಬೆಳಕೂ ಸಿಗುವುದಿಲ್ಲ. ಅಲ್ಲಿ ಒಳಗೆ ನಿಂತು ಒದ್ದಾಡುವ ಬದಲು ಹೊರಗಿನ ಗೋಡೆಗೆ ಬನ್ನಿ. ಹೊಯ್ಸಳರ ಬಳಪದ ಕಲ್ಲಿಗೆ ಮೋಡದ ಬೆಳಕಿನಷ್ಟು ಒಳ್ಳೆಯದು ಬೇರಿಲ್ಲ. ನೆರಳು ಗಟ್ಟಿಯಾಗಿ ಬೀಳುವುದಿಲ್ಲ, ಶಿಲ್ಪದ ಉಬ್ಬುತಗ್ಗು ಮೆದುವಾಗಿ ಎದ್ದು ಬರುತ್ತದೆ.

ಅಡಿಕೆ ತೋಟದ ವಿಷಯ ಬೇರೆ. ಅಲ್ಲಿನ ಬೆಳಕು ಸೋಗೆಗಳಲ್ಲಿ ಸೋಸಿ ಹಸಿರಾಗಿಯೇ ಇಳಿಯುತ್ತದೆ. ನಮ್ಮ ಕಣ್ಣು ಅದನ್ನು ತಿದ್ದಿಕೊಂಡು ನೋಡುತ್ತದೆ, ರೀಲು ತಿದ್ದುವುದಿಲ್ಲ. ತೋಟದ ನಡುವೆ ನಿಲ್ಲಿಸಿ ತೆಗೆದ ಮುಖಗಳು ಪಾಚಿ ಹಿಡಿದಂತೆ ಕಾಣುವುದು ಅದಕ್ಕೇ. ತೋಟದ ಅಂಚಿಗೆ, ತೆರೆದ ಆಕಾಶ ಕಾಣುವಲ್ಲಿಗೆ ಎರಡು ಹೆಜ್ಜೆ ಬಂದರೆ ಸರಿಹೋಗುತ್ತದೆ. ಇಂಥದೇ ಹಸಿರು ಹಳೆಯ ಮದುವೆ ಆಲ್ಬಮ್‌ಗಳಲ್ಲೂ ಇದೆ, ಅದು ಕಲ್ಯಾಣ ಮಂಟಪದ ಟ್ಯೂಬ್‌ಲೈಟಿನದು. ಇದನ್ನು ತಗ್ಗಿಸಲೆಂದೇ ಫ್ಯೂಜಿ ಕಂಪನಿ 1989ರಲ್ಲಿ ರಿಯಾಲಾ ಎಂಬ ರೀಲಿನಲ್ಲಿ ನಾಲ್ಕನೆಯದೊಂದು ಪದರ ಸೇರಿಸಿತು. ಕೊಡಾಕ್ ಗೋಲ್ಡ್ ಹಳದಿಯ ಕಡೆ ವಾಲುತ್ತದೆ, ಸಂಜೆಬಿಸಿಲಿಗೆ, ನಮ್ಮ ಮೈಬಣ್ಣಕ್ಕೆ ಅದು ಚೆಂದ. ಫ್ಯೂಜಿಯ ಹಸಿರು ಮಲೆನಾಡಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಈಚಿನ ಫ್ಯೂಜಿ 200ರ ಡಬ್ಬಿಯ ಮೇಲೆ ಅಮೆರಿಕದಲ್ಲಿ ತಯಾರಾದದ್ದು ಎಂದಿದೆ, ಅದು ಹಳೆಯ ರೀಲಲ್ಲ. ಹಳೆಯ ಫ್ಯೂಜಿ ಹಸಿರನ್ನು ನೆಚ್ಚಿ ಅದನ್ನು ಕೊಳ್ಳಬೇಡಿ.

ಖರ್ಚು ನೋಡೋಣ. ರೀಲಿಗೆ ಸಾವಿರ, ತೊಳೆದು ಸ್ಕ್ಯಾನ್ ಮಾಡಿಸಲು ಕೊರಿಯರ್ ಸೇರಿ ಐನೂರು ಎಂದಿಟ್ಟುಕೊಂಡರೆ ಒಂದು ಫೋಟೊಗೆ ನಲವತ್ತು ರೂಪಾಯಿಯ ಆಸುಪಾಸು ಬೀಳುತ್ತದೆ. ವಿದ್ಯಾರ್ಥಿಗೆ ಇದು ಸಣ್ಣ ಮೊತ್ತವಲ್ಲ. ಪೋರ್ಟ್ರಾ ಹಾಕಿದರೆ ರೀಲಿನ ಬೆಲೆಯೇ ಹೆಚ್ಚು ಕಡಿಮೆ ಎರಡು ಪಟ್ಟು. ಆ ಹೆಚ್ಚಿನ ದುಡ್ಡಿನಲ್ಲಿ ಇನ್ನೊಂದು ಗೋಲ್ಡ್ ಕೊಂಡು ಕೂಡ್ಲಿಗೆ ಹೋಗಿ ಬನ್ನಿ. ತುಂಗೆ ಭದ್ರೆ ಕೂಡುವಲ್ಲಿ ಎರಡು ನೀರಿನ ಬಣ್ಣ ಬೇರೆ ಬೇರೆ ಕಾಣುವ ದಿನಗಳಿರುತ್ತವೆ, ಅದಕ್ಕೆ ಎರಡು ರೀಲು ಬೇಕೇ ಬೇಕು. ಅಗ್ಗ ಎಂದು ಮಾರುವ ಎರಡು ಬಗೆಯ ಮಾಲಿನ ಬಗ್ಗೆ ಮಾತ್ರ ಎಚ್ಚರ ಬೇಕು. ಒಂದು, ಸಿನಿಮಾ ರೀಲನ್ನು ಕತ್ತರಿಸಿ ಸಣ್ಣ ಡಬ್ಬಿಗೆ ತುಂಬಿ ಮಾರುವುದು. ಇವುಗಳಲ್ಲಿ ಹಲವಕ್ಕೆ ಬೆನ್ನಿನ ಮೇಲೆ ಕಪ್ಪು ಇಂಗಾಲದ ಲೇಪವಿರುತ್ತದೆ. ಅದನ್ನು ತೆಗೆಯದೆ ಮಾಮೂಲಿ ಲ್ಯಾಬಿಗೆ ಕೊಟ್ಟರೆ ಲೇಪ ಕಳಚಿ ಯಂತ್ರವನ್ನೂ ಬೇರೆಯವರ ರೀಲನ್ನೂ ಕೆಡಿಸುತ್ತದೆ. ಹೇಗೆ ತೊಳೆಯುತ್ತಾರೆಂದು ಮೊದಲೇ ಕೇಳಿಕೊಳ್ಳಿ. ಇನ್ನೊಂದು, ಅವಧಿ ಮುಗಿದ ರೀಲು. ಹೊರದೇಶದವರು ಅದರ ವಿಚಿತ್ರ ಬಣ್ಣವನ್ನು ಮೆಚ್ಚಿ ಬರೆಯುತ್ತಾರೆ. ನಮ್ಮ ಬೇಸಿಗೆಯ ಕಾವು, ಮಳೆಗಾಲದ ತೇವ ಉಂಡ ರೀಲಿನಲ್ಲಿ ವೇಗ ಕುಗ್ಗಿ ಮಬ್ಬು ಏರಿರುತ್ತದೆ. ಮನೆಯ ಹಿರಿಯರ ಫೋಟೊವನ್ನು ಅಂಥದರ ಮೇಲೆ ಪಣಕ್ಕಿಡಬಾರದು. ಇಂಗ್ಲೆಂಡಿನ ಹಾರ್ಮನ್ ಕಂಪನಿ 2023ರ ಕೊನೆಗೆ ತಂದ ಫೀನಿಕ್ಸ್ ರೀಲು ಕುತೂಹಲದ್ದು. ಅದರಲ್ಲಿ ಕಿತ್ತಳೆ ಹೊದಿಕೆಯೇ ಇಲ್ಲ, ಆದರೆ ಬೆಳಕಿನ ವಿಷಯದಲ್ಲಿ ಗೋಲ್ಡ್‌ನಷ್ಟು ಉದಾರವಲ್ಲ. ಕೈ ಪಳಗಿದ ಮೇಲೆ ಹಾಕಿ.

ಮಲೆನಾಡಿನಲ್ಲಿ ರೀಲಿನ ದೊಡ್ಡ ಶತ್ರು ಬೂಷ್ಟು. ಜೆಲಾಟಿನ್ ಅನ್ನುವುದು ಪ್ರಾಣಿಗಳ ಮೂಳೆ ಚರ್ಮದಿಂದ ತೆಗೆದ ಪದಾರ್ಥ, ಬೂಷ್ಟಿಗೆ ಅದು ಆಹಾರ. ಫ್ರಿಜ್ಜಿನಲ್ಲಿಟ್ಟ ರೀಲನ್ನು ಹೊರತೆಗೆದ ಕೂಡಲೇ ಡಬ್ಬಿ ತೆರೆಯದೆ, ಕೋಣೆಯ ಶಾಖಕ್ಕೆ ಬರುವತನಕ ಕಾಯಿರಿ. ಇಲ್ಲವಾದರೆ ಒಳಗೆ ಹನಿ ಕಟ್ಟುತ್ತದೆ. ಕ್ಯಾಮೆರಾವನ್ನು ಚರ್ಮದ ಚೀಲದಿಂದ ತೆಗೆದು, ಸಿಲಿಕಾ ಜೆಲ್ ಹಾಕಿದ ಮುಚ್ಚಳದ ಡಬ್ಬಿಯಲ್ಲಿಡಿ. ಮುಗಿದ ರೀಲನ್ನು ಮಳೆಗಾಲ ಕಳೆಯಲಿ ಎಂದು ಉಳಿಸಿಕೊಳ್ಳಬೇಡಿ. ಶಿವಮೊಗ್ಗದ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ತೆರೆದ ಮೇಲೆ ರೀಲು ಹಿಡಿದು ವಿಮಾನ ಹತ್ತುವವರೂ ಇದ್ದಾರೆ. ಚೆಕ್-ಇನ್ ಸಾಮಾನಿನಲ್ಲಿ ರೀಲು ಎಂದೂ ಹಾಕಬಾರದು. ಕೈಚೀಲಕ್ಕೆ ಹೊಸ ಮಾದರಿಯ ಸಿಟಿ ಸ್ಕ್ಯಾನರ್ ಇರುವ ನಿಲ್ದಾಣಗಳಲ್ಲಿ ಕೈಯಲ್ಲೇ ತಪಾಸಣೆ ಮಾಡಿಕೊಡಿ ಎಂದು ಕೇಳಿಕೊಳ್ಳಬೇಕು.

ಲ್ಯಾಬಿಗೆ ಕಳಿಸುವಾಗ ಚೀಟಿಯಲ್ಲಿ ಒಂದು ಸಾಲು ತಪ್ಪದೆ ಬರೆಯಿರಿ: ನೆಗೆಟಿವ್ ವಾಪಸ್ ಬೇಕು. ಸ್ಕ್ಯಾನ್ ಆದ ಚಿತ್ರ ಮೊಬೈಲಿಗೆ ಬಂದ ಮೇಲೆ ನೆಗೆಟಿವ್ ಯಾಕೆ ಎಂದು ಕೆಲವರು ಲ್ಯಾಬಿನಲ್ಲೇ ಬಿಟ್ಟುಬಿಡುತ್ತಾರೆ. ಇದಕ್ಕಿಂತ ದೊಡ್ಡ ನಷ್ಟ ಇನ್ನೊಂದಿಲ್ಲ. ನಮ್ಮ ಕೈಗೆ ಬಂದ ಪ್ರಿಂಟ್ ಆಗಲಿ ಸ್ಕ್ಯಾನ್ ಆಗಲಿ, ನೆಗೆಟಿವನ್ನು ಒಬ್ಬರು ಒಂದು ದಿನ ಓದಿದ ರೀತಿ ಮಾತ್ರ. ಹಿಂದೆ ಕಲರ್ ಲ್ಯಾಬಿನ ಯಂತ್ರದ ಮುಂದೆ ಕೂತವರು ಒಂದೊಂದು ಚಿತ್ರವನ್ನೂ ಕ್ಷಣಮಾತ್ರ ನೋಡಿ ಹಳದಿ, ಮಜೆಂಟಾ, ಸಯಾನ್, ದಟ್ಟಣೆ ಎಂಬ ಗುಂಡಿಗಳನ್ನು ಒತ್ತುತ್ತಿದ್ದರು. ಹಬ್ಬದ ಸಾಲಿನಲ್ಲಿ ನೂರಾರು ರೀಲು ಬಂದಾಗ ಎಷ್ಟು ನಿಗಾ ಕೊಡಲು ಸಾಧ್ಯ? ಮಂಕಾಗಿ ಬಂದ ಎಷ್ಟೋ ಪ್ರಿಂಟುಗಳ ಹಿಂದೆ ಸೊಗಸಾದ ನೆಗೆಟಿವ್ ಇದೆ. ಕಾಗದ ತೋರಿಸುವುದಕ್ಕಿಂತ ಎಷ್ಟೋ ಹೆಚ್ಚಿನ ಬೆಳಕುನೆರಳನ್ನು ನೆಗೆಟಿವ್ ಹಿಡಿದಿರುತ್ತದೆ. ಬೆಳ್ಳಗೆ ಹಾರಿಹೋದ ಪಂಚೆಯ ಮಡಿಕೆಗಳು, ಕಪ್ಪಾದ ಜಗುಲಿಯ ಮೂಲೆಯಲ್ಲಿ ಕೂತ ಅಜ್ಜಿ, ಎಲ್ಲವೂ ಅದರಲ್ಲಿರುತ್ತವೆ.

ನೆಗೆಟಿವ್ ಉಳಿಸಿಕೊಳ್ಳಿ ಎಂಬ ಈ ಮಾತಿಗೆ ಭದ್ರಾವತಿಯನ್ನೇ ಉದಾಹರಣೆಯಾಗಿ ಕೊಡುತ್ತೇನೆ. 1918ರಲ್ಲಿ ಹೆಜ್ಜೆಯಿಟ್ಟು 1923ರಲ್ಲಿ ಊದುಕುಲುಮೆ ಹೊತ್ತಿಸಿದ ಮೈಸೂರು ಕಬ್ಬಿಣದ ಕಾರ್ಖಾನೆ, 1936ರಲ್ಲಿ ಹುಟ್ಟಿದ ಮೈಸೂರು ಕಾಗದದ ಕಾರ್ಖಾನೆ (ಎಂಪಿಎಂ), ಇವೆರಡರ ಸುತ್ತ ಬೆಳೆದ ಊರು ಅದು. ತಿಂಗಳ ಸಂಬಳ ಬರುವ ಮನೆಗಳ ಊರು. ಕ್ಯಾಮೆರಾ ಕೊಳ್ಳುವ, ಇಲ್ಲದಿದ್ದರೆ ಪಕ್ಕದ ಕ್ವಾರ್ಟರ್ಸ್‌ನಿಂದ ಕೇಳಿ ತರುವ, ರೀಲಿಗೆ ದುಡ್ಡು ಹೊಂದಿಸುವ ಶಕ್ತಿ ಅಂಥ ಊರಿನಲ್ಲಿತ್ತು. ಎಂಪಿಎಂ 1981ರಿಂದ ಪತ್ರಿಕಾ ಕಾಗದ ತಯಾರಿಸಿತು. ಆ ಕಾಲದ ಪತ್ರಿಕೆಯ ಪುಟಗಳಲ್ಲಿ ಚಿತ್ರಗಳು ಬಹುಪಾಲು ಕಪ್ಪು ಬಿಳುಪು. ಕಾರ್ಖಾನೆಯ ಹಳೆಯ ಅಧಿಕೃತ ಫೋಟೊಗಳೂ ಕಪ್ಪು ಬಿಳುಪೇ. ಹಾಗಾದರೆ ಎಂಬತ್ತು ತೊಂಬತ್ತರ ದಶಕದ ಭದ್ರಾವತಿಯ ಬಣ್ಣ ಎಲ್ಲಿದೆ? ಶಿಫ್ಟ್ ಮುಗಿಸಿ ಸೈಕಲ್ ಏರಿ ಹೊರಬಿದ್ದ ಜನರ ಅಂಗಿಯ ಬಣ್ಣ, ಆಯುಧಪೂಜೆಯ ದಿನ ಯಂತ್ರಗಳಿಗೆ ಏರಿಸಿದ ಚೆಂಡುಹೂವು, ನಿವೃತ್ತಿಯ ದಿನ ಶಾಲು ಹೊದ್ದು ಹಾರ ಹಾಕಿಕೊಂಡು ನಿಂತ ಅಪ್ಪ, ಕ್ವಾರ್ಟರ್ಸ್ ಅಂಗಳದ ದಾಸವಾಳ, ಇವನ್ನೆಲ್ಲ ಹಿಡಿದವರು ಮನೆಯವರು. ಹಿಡಿದದ್ದು ನೂರು ಇನ್ನೂರು ಎಎಸ್ಎಯ ಅಗ್ಗದ ರೀಲಿನಲ್ಲಿ.

ಎಂಪಿಎಂ 2015ರಲ್ಲಿ ಉತ್ಪಾದನೆ ನಿಲ್ಲಿಸಿತು. ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕು ಕಾರ್ಖಾನೆ ಎಂದು ಹೆಸರಾದ ಆ ಹಳೆಯ ಕಬ್ಬಿಣದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ 2023ರ ಜನವರಿಯಲ್ಲಿ ಹೊರಬಿತ್ತು, ಕಾರ್ಮಿಕರು ಬೀದಿಗಿಳಿದರು. ಕಾರ್ಖಾನೆ ನಿಂತ ಊರಿನಲ್ಲಿ ಮನೆಗಳು ಖಾಲಿಯಾಗುತ್ತವೆ, ಮಕ್ಕಳು ಬೆಂಗಳೂರಿಗೆ ಹೊರಡುತ್ತಾರೆ. ಮನೆ ಖಾಲಿ ಮಾಡುವಾಗ ಆಲ್ಬಮ್ ಕಟ್ಟಿಕೊಳ್ಳುತ್ತಾರೆ, ಜೊತೆಗಿದ್ದ ನೆಗೆಟಿವ್‌ಗಳ ಕವರನ್ನು ಕಸಕ್ಕೆ ಹಾಕುತ್ತಾರೆ. ಆಲ್ಬಮ್ಮಿನ ಅಂಟು ಹಾಳೆಯಲ್ಲಿ ಪ್ರಿಂಟು ಕೆಂಪಾಗುತ್ತಾ ಹಳದಿಯಾಗುತ್ತಾ ಹೋಗುತ್ತದೆ. ಕತ್ತಲಲ್ಲಿ, ಒಣಗಿದ ಜಾಗದಲ್ಲಿ ಇದ್ದ ನೆಗೆಟಿವ್ ಅದಕ್ಕಿಂತ ಎಷ್ಟೋ ಚೆನ್ನಾಗಿ ಉಳಿದಿರುವ ಸಂಭವವೇ ಹೆಚ್ಚು. ನಾವು ಎಸೆಯುತ್ತಿರುವುದು ಇಟ್ಟುಕೊಳ್ಳಬೇಕಾದ್ದನ್ನು.

ದಯವಿಟ್ಟು ಆ ಕವರುಗಳನ್ನು ಹುಡುಕಿ. ಹುಳಿ ವಾಸನೆ ಬರುತ್ತಿದ್ದರೆ ಅಸಿಟೇಟ್ ಪಟ್ಟಿ ಕೊಳೆಯಲು ಶುರುವಾಗಿದೆ ಎಂದರ್ಥ, ಅವನ್ನು ಬೇರೆ ಇಟ್ಟು ಮೊದಲು ಸ್ಕ್ಯಾನ್ ಮಾಡಿ. ಒಂದಕ್ಕೊಂದು ಅಂಟಿಕೊಂಡಿದ್ದರೆ ಎಳೆದು ಬಿಡಿಸಬೇಡಿ, ಬಲ್ಲವರಿಗೆ ತೋರಿಸಿ. ಉಳಿದವನ್ನು ಹಳೆಯ ಪಿವಿಸಿ ಹಾಳೆಗಳಿಂದ ತೆಗೆದು ಪಾಲಿಪ್ರೊಪಿಲೀನ್ ಹಾಳೆಗೋ ಆಮ್ಲವಿಲ್ಲದ ಕಾಗದದ ಕವರಿಗೋ ಸೇರಿಸಿ. ಹಿಡಿಯುವುದು ಅಂಚಿನಲ್ಲಿ ಮಾತ್ರ. ಸ್ಕ್ಯಾನರ್ ಇಲ್ಲದವರು ಬಿಳಿ ಬೆಳಕಿನ ಹಲಗೆಯ ಮೇಲಿಟ್ಟು, ಹತ್ತಿರದ ವಸ್ತುವನ್ನು ಹಿಡಿಯಬಲ್ಲ ಕ್ಯಾಮೆರಾದಿಂದ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ತಿರುವಿಕೊಳ್ಳಬಹುದು. ಮೊಬೈಲ್ ಕೂಡ ಮೊದಲ ನೋಟಕ್ಕೆ ಸಾಕು.

ಚಿತ್ರ ತೆಗೆಯುವಾಗ ಪಟ್ಟಿಯ ಅಂಚು ಬಿಡದೆ ಸೇರಿಸಿಕೊಳ್ಳಿ. ಅಲ್ಲಿ ರೀಲಿನ ಹೆಸರೂ ಚಿತ್ರದ ಸಂಖ್ಯೆಯೂ ಅಚ್ಚಾಗಿರುತ್ತವೆ. ಯಾವುದರ ನಂತರ ಯಾವುದು ತೆಗೆದದ್ದು ಎಂದು ಸಂಖ್ಯೆ ಹೇಳುತ್ತದೆ. ಕಾಲ ಅಂದಾಜು ಮಾಡಲು ಹೆಸರು ನೆರವಾಗುತ್ತದೆ. ಸಕುರಾ ಎಂದಿದ್ದರೆ ಸುಮಾರಾಗಿ 1987ರ ಹಿಂದಿನದು, ಏಕೆಂದರೆ ಆ ವರ್ಷ ಆ ಜಪಾನಿ ಕಂಪನಿ ಕೋನಿಕಾ ಎಂದು ಹೆಸರು ಬದಲಿಸಿಕೊಂಡಿತು. ಕೋನಿಕಾ ರೀಲು ಆಮೇಲಿನದು, 2006ರಲ್ಲಿ ಕೋನಿಕಾ ಮಿನೋಲ್ಟಾ ಈ ವ್ಯವಹಾರದಿಂದ ಹೊರಬರುವ ತೀರ್ಮಾನ ಪ್ರಕಟಿಸಿತು. ಫ್ಯೂಜಿಯ ಸೂಪೀರಿಯಾ ಎಂದು ಕಂಡರೆ ತೊಂಬತ್ತರ ದಶಕದ ಕೊನೆ ಅಥವಾ ಆಮೇಲಿನ ಕಾಲ. ಅಜ್ಜನ ಷಷ್ಟಿಪೂರ್ತಿಯೋ ಚಿಕ್ಕಪ್ಪನ ಮದುವೆಯೋ ಎಂದು ಮನೆಯಲ್ಲಿ ಚರ್ಚೆ ಎದ್ದಾಗ ಪಟ್ಟಿಯ ಅಂಚು ತೀರ್ಪು ಕೊಟ್ಟೀತು.

ಯಾರು, ಎಲ್ಲಿ ಎಂಬುದನ್ನು ಮಾತ್ರ ಅಂಚು ಹೇಳುವುದಿಲ್ಲ. ಅದನ್ನು ಹೇಳಬಲ್ಲವರು ಎಪ್ಪತ್ತು ಎಂಬತ್ತು ದಾಟಿದ್ದಾರೆ. ರೀಲು ಕ್ಯಾಮೆರಾ ಹಿಡಿದ ಹುಡುಗರಿಗೆ ನನ್ನ ಕೋರಿಕೆ ಇದು: ನಿಮ್ಮ ರೀಲು ತೊಳೆದು ಬರುವತನಕ ಇರುವ ವಾರದಲ್ಲಿ ಹಳೆಯ ಸ್ಕ್ಯಾನುಗಳನ್ನು ಹಿರಿಯರ ಮುಂದಿಟ್ಟು ಹೆಸರುಗಳನ್ನು ಬರೆದುಕೊಳ್ಳಿ. ನಿಂತವರ ಹೆಸರು, ಯಾವ ವಿಭಾಗದಲ್ಲಿದ್ದರು, ಹಿಂದೆ ಕಾಣುವ ಕಟ್ಟಡ ಯಾವುದು. ಕವರಿನ ಮೇಲೆ ಪೆನ್ಸಿಲಿನಲ್ಲಿ, ನೆಗೆಟಿವ್ ಒಳಗೆ ಹಾಕುವ ಮೊದಲೇ ಬರೆಯಿರಿ. ನಿಮ್ಮ ಹೊಸ ರೀಲಿನ ಕವರಿಗೂ ಅದೇ ಕ್ರಮವಿರಲಿ: ಊರು, ತಿಂಗಳು, ವರ್ಷ, ರೀಲಿನ ಹೆಸರು, ಎಎಸ್ಎ ಎಷ್ಟಕ್ಕೆ ಇಟ್ಟಿರಿ ಎಂಬುದು.